ದುರಸ್ತಿಯಾದ ಸರ್ವರನ್ನು ಜಾಲಕ್ಕೆ ಮರಳಿ ಸೇರಿಸುವ ಕ್ರಮ

ಹುಬ್ಬಳ್ಳಿಯ ದನದ ಸಂತೆಯಲ್ಲಿ ಎತ್ತನ್ನು ಕೊಂಡ ಜಾಣ ಒಕ್ಕಲಿಗನು ಅದನ್ನು ಆ ದಿನವೇ ಮನೆಯ ದನಗಳ ಸಾಲಿನಲ್ಲಿ ಕಟ್ಟುವುದಿಲ್ಲ. ಕೆಲವು ದಿನ ಬೇರೆ ಗೂಟಕ್ಕೆ ಕಟ್ಟಿ, ಮೇವು ನೀರುಗಳನ್ನು ಬೇರೆಯಾಗಿಯೇ ಕೊಟ್ಟು, ರೋಗದ ಲಕ್ಷಣವಿಲ್ಲವೆಂದು ಕಂಡ ಮೇಲೆ ಕೊಟ್ಟಿಗೆಗೆ ಸೇರಿಸುತ್ತಾನೆ. ಕಚೇರಿಯ ಸರ್ವರು ದುರಸ್ತಿಯಾಗಿ ಬಂದಾಗಲೂ ಇದೇ ಎಚ್ಚರಿಕೆಯು ಅವಶ್ಯವು.

ಧಾರವಾಡ ಜಿಲ್ಲೆಯಲ್ಲಿ ಗುಡುಗು ಸಿಡಿಲುಗಳಿಂದ ವಿದ್ಯುತ್ತು ಏರಿಳಿದು ಯಂತ್ರಗಳು ಕೆಡುವ ಕಾಲವೂ, ಹೆಸರು, ಸೋಯಾಬೀನ್, ಶೇಂಗಾ ಬೀಜಗಳಿಗಾಗಿ ರೈತರು ಸಾಲು ನಿಲ್ಲುವ ಕಾಲವೂ ಹೆಚ್ಚು ಕಡಿಮೆ ಒಂದೇ. ದಾಸ್ತಾನು, ಅರ್ಜಿಗಳ ದಫ್ತರವುಳ್ಳ ಯಂತ್ರವು ಬಂದೊಡನೆ ಕೇಬಲನ್ನು ಸಿಕ್ಕಿಸಿಬಿಡೋಣವೆಂಬ ಆತುರವು ಆಗ ಸಹಜವು. ಅಪಾಯವಿರುವುದು ಆ ಆತುರದಲ್ಲಿಯೇ.

ದುರಸ್ತಿಯು ಕೆಟ್ಟ ಭಾಗವನ್ನು ಸರಿಪಡಿಸುತ್ತದೆಯೇ ಹೊರತು, ಯಂತ್ರವು ಮಲಗಿದ್ದ ದಿನಗಳಲ್ಲಿ ತಪ್ಪಿಹೋದ ರಕ್ಷಣೆಯನ್ನು ತಂದುಕೊಡಲಾರದು. ತಂತ್ರಾಂಶದ ದೋಷಗಳಿಗೆ ಆಗಾಗ ಹೊರಡುವ ತಿದ್ದುಪಡಿಗಳು ಆರಿದ ಯಂತ್ರವನ್ನು ಮುಟ್ಟಿರುವುದಿಲ್ಲ. ಇದರ ಫಲವನ್ನು ಜಗತ್ತು 2017ರಲ್ಲಿ ಕಂಡಿತು. ವಿಂಡೋಸಿನ ಒಂದು ದೋಷಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯು ಮಾರ್ಚ್ 14ರಂದೇ ತಿದ್ದುಪಡಿಯನ್ನು ಕೊಟ್ಟಿತ್ತು. ಮೇ 12ರಂದು ಹೊರಟ ವಾನ್ನಾಕ್ರೈ ಎಂಬ ಪೀಡೆಯು ಅದನ್ನು ಹಾಕಿಕೊಳ್ಳದ ಯಂತ್ರಗಳನ್ನು ಹಿಡಿಯಿತು. ಯಾರೂ ಕಡತವನ್ನು ತೆರೆಯದೆಯೇ ಯಂತ್ರದಿಂದ ಯಂತ್ರಕ್ಕೆ ಹಬ್ಬಿ, ಸುಮಾರು 150 ದೇಶಗಳಲ್ಲಿ 2 ಲಕ್ಷಕ್ಕೂ ಮಿಕ್ಕ ಯಂತ್ರಗಳ ದಫ್ತರಗಳಿಗೆ ಬೀಗ ಹಾಕಿ ಹಣವನ್ನು ಕೇಳಿತು.

ಆದಕಾರಣ ಯಂತ್ರವನ್ನು ಮೊದಲು ಪ್ರತ್ಯೇಕವಾಗಿ ನಡೆಯಿಸತಕ್ಕದ್ದು. ಅರ್ಥಿಂಗನ್ನೂ ಯುಪಿಎಸ್ಸನ್ನೂ ನೋಡಬೇಕು. ಮೂಲ ಕಾರಣವು ಉಳಿದಿದ್ದರೆ ಹೊಸ ಭಾಗವೂ ಸುಟ್ಟೀತು. ಬಳಿಕ ತಿದ್ದುಪಡಿಗಳನ್ನು ಶುದ್ಧವೆಂದು ಪರೀಕ್ಷಿಸಿದ ಡಿಸ್ಕಿನಿಂದಾಗಲಿ, ಫೈರ್‌ವಾಲಿನ ಕಾವಲುಳ್ಳ ಬೇರೆ ಸಂಪರ್ಕದಿಂದಾಗಲಿ ಹಾಕಿ, ಆಂಟಿವೈರಸಿನಿಂದ ಪೂರ್ತಿಯಾಗಿ ಶೋಧಿಸಬೇಕು. ದುರಸ್ತಿಯ ಸಲುವಾಗಿ ತೆರೆದ ಲಾಗಿನ್ನುಗಳನ್ನೂ ದೂರದಿಂದ ನಡೆಯಿಸುವ ತಂತ್ರಾಂಶವನ್ನೂ ತೆಗೆದುಹಾಕಿ, ಪಾಸ್‌ವರ್ಡುಗಳನ್ನು ಬದಲಿಸತಕ್ಕದ್ದು.

ಯಂತ್ರವು ಕೆಟ್ಟದ್ದು ವೈರಸಿನಿಂದಲೇ ಆಗಿದ್ದರೆ ಶೋಧನೆಯಷ್ಟೇ ಸಾಲದು. ಲಾಗುಗಳನ್ನು ಬೇರೆಡೆ ನಕಲು ಮಾಡಿಟ್ಟು, ಡಿಸ್ಕನ್ನು ಅಳಿಸಿ, ಎಲ್ಲವನ್ನೂ ಹೊಸದಾಗಿ ಹಾಕಿಸಬೇಕು. ಇಂಥ ಘಟನೆಯನ್ನು ಅರಿವಿಗೆ ಬಂದ 6 ತಾಸುಗಳೊಳಗೆ ವರದಿ ಮಾಡಬೇಕೆಂದೂ, ಲಾಗುಗಳನ್ನು 180 ದಿನ ಕಾದಿಡಬೇಕೆಂದೂ ಭಾರತ ಸರಕಾರದ ಸರ್ಟ್-ಇನ್ ಸಂಸ್ಥೆಯು 2022ರ ಏಪ್ರಿಲ್ 28ರಂದು ಆಜ್ಞೆ ಮಾಡಿದೆ.

ಇನ್ನು ಗಡಿಯಾರ ಮತ್ತು ವಿಳಾಸಗಳ ವಿಚಾರ. ಮದರ್‌ಬೋರ್ಡನ್ನಾಗಲಿ ಅದರ ಸಣ್ಣ ಬ್ಯಾಟರಿಯನ್ನಾಗಲಿ ಬದಲಿಸಿದಾಗ ಯಂತ್ರದ ವೇಳೆಯು ತಪ್ಪುವುದುಂಟು. ವಿಂಡೋಸ್ ಡೊಮೈನಿನಲ್ಲಿ ಸಾಮಾನ್ಯವಾಗಿ 5 ನಿಮಿಷಕ್ಕಿಂತ ಹೆಚ್ಚಿನ ಅಂತರವಾದರೆ ಲಾಗಿನ್ನೇ ಆಗದು. ಮದರ್‌ಬೋರ್ಡು ಹೊಸದಾದರೆ ಜಾಲದ ಕಾರ್ಡಿನ ಗುರುತಿನ ಸಂಖ್ಯೆಯೂ ಬದಲಾಗಿ, ಮೊದಲಿನ ಐಪಿ ವಿಳಾಸವು ದೊರೆಯದೆ ಹೋದೀತು. ಆ ವಿಳಾಸವನ್ನು ಅಷ್ಟರಲ್ಲಿ ಬೇರೊಂದು ಯಂತ್ರಕ್ಕೆ ಕೊಟ್ಟಿದ್ದರೆ ಎರಡೂ ಸರಿಯಾಗಿ ನಡೆಯವು. ಇವುಗಳನ್ನು ಮೊದಲೇ ನೋಡಿಕೊಳ್ಳಬೇಕು.

ಎಲ್ಲಕ್ಕೂ ಮಿಗಿಲಾದದ್ದು ದಫ್ತರದ ರಕ್ಷಣೆಯು. ಚೀಲಕ್ಕೆ ಚೀಟಿಯಿದ್ದ ಮಾತ್ರಕ್ಕೆ ಬೀಜವು ಮೊಳೆಯುವುದೆಂದು ನಾವು ನಂಬುವುದಿಲ್ಲ. ಮೊಳಕೆಯ ಪರೀಕ್ಷೆ ಮಾಡುತ್ತೇವೆ. ಬ್ಯಾಕಪ್ಪನ್ನೂ ಹಾಗೆಯೇ ಬೇರೆ ಜಾಗದಲ್ಲಿ ಬಿಚ್ಚಿ ಓದಿ ನೋಡಬೇಕು. ಸರ್ವರು ಇಲ್ಲದ ದಿನಗಳಲ್ಲಿ ಬದಲಿ ಯಂತ್ರದಲ್ಲಿ ಬರೆದುದೇ ಈಚಿನ ದಫ್ತರವೆಂಬುದನ್ನು ಮರೆಯಲಾಗದು. ಒಂದು ಕಚೇರಿಯಲ್ಲಿ ಮರಳಿಬಂದ ಸರ್ವರಿನ ಹಳೆಯ ಪಟ್ಟಿಯನ್ನು ಹೊಸದರ ಮೇಲೆಯೇ ಹಾಕಿದುದನ್ನು ಈ ಲೇಖಕನು ಕಂಡಿದ್ದಾನೆ. ನಡುವಿನ ದಿನಗಳ ಅರ್ಜಿಗಳೆಲ್ಲ ಅಳಿದುಹೋದವು. ಬಿತ್ತನೆಯ ಹದ ಬಿಟ್ಟು ರೈತರು ಪಾವತಿ ಹಿಡಿದು ಮತ್ತೆ ಬರಬೇಕಾಯಿತು. ಆದುದರಿಂದ ಬದಲಿ ಯಂತ್ರದ ದಫ್ತರವನ್ನು ನಕಲು ಮಾಡಿಟ್ಟು, ಎರಡನ್ನೂ ತಾಳೆ ನೋಡಿದ ಮೇಲೆಯೇ ಕೂಡಿಸತಕ್ಕದ್ದು.

ಇಷ್ಟಾದ ಮೇಲೆ ಜನಸಂದಣಿಯಿಲ್ಲದ ಸಾಯಂಕಾಲದಲ್ಲಿ ಕೇಬಲನ್ನು ಜೋಡಿಸಬೇಕು. ಮೊದಲು ಒಬ್ಬನೇ ನೌಕರನು ಕಡತ ತೆರೆದು, ಬರೆದು, ಮುದ್ರಿಸಿ ನೋಡಲಿ. ಲಾಗುಗಳಲ್ಲಿ ಅಪರಿಚಿತ ಲಾಗಿನ್ ಅಥವಾ ತಪ್ಪುಗಳು ಕಂಡರೆ ಕೇಬಲನ್ನು ಕೂಡಲೇ ಕಳಚಬೇಕು. ಒಂದೆರಡು ದಿನ ಸುಸೂತ್ರವಾಗಿ ನಡೆದರೆ ಉಳಿದವರಿಗೆ ತೆರೆಯಬಹುದು. ಬದಲಿ ಯಂತ್ರವನ್ನು ಜಾಲದಿಂದ ಬಿಡಿಸಿ ಒಂದು ವಾರ ಹಾಗೆಯೇ ಕಾದಿಡುವುದು ಲೇಸು.

ಅಷ್ಟರ ತನಕ ಬದಲಿ ಯಂತ್ರದಿಂದಲೋ ಕೈಬರಹದ ರಜಿಸ್ಟರಿನಿಂದಲೋ ಕೆಲಸವನ್ನು ಸಾಗಿಸಬಹುದು. ಬೀಜದ ಸಾಲು ನಿಲ್ಲಬೇಕಾಗಿಲ್ಲ. ರೈತನ ಹೆಸರು ದಫ್ತರದಿಂದ ಅಳಿದರೆ ಮಾತ್ರ ಹದ ಮೀರಿದ ಮೇಲೆ ಆತನಿಗೆ ಬೀಜ ಕೊಟ್ಟು ಫಲವಿಲ್ಲ. ಕಚೇರಿಯ ಮುಖ್ಯಸ್ಥರು ಈ ಕ್ರಮವನ್ನು ಬರೆಯಿಸಿ ಯಂತ್ರದ ಬದಿಯಲ್ಲಿಯೇ ಅಂಟಿಸಿಡತಕ್ಕದ್ದು.