ರೂಮಿನ ಕಿಟಕಿಯಲ್ಲೊಂದು ರಂಜಕದ ಬಾಟಲಿ

ಕುಷ್ಟಗಿ, ಯಲಬುರ್ಗಾ ಕಡೆಯಿಂದ ಓದಲು ಧಾರವಾಡಕ್ಕೆ ಬಂದವರ ರೂಮಿಗೊಮ್ಮೆ ಹೋಗಿ ನೋಡಿ. ಕಿಟಕಿಯಲ್ಲಿ ಸಾಮಾನ್ಯ ಜ್ಞಾನದ ಪುಸ್ತಕಗಳ ಪಕ್ಕ ಒಂದು ಬಾಟಲಿ ಇರುತ್ತದೆ. ಅದರೊಳಗೆ ಕೆಂಪಗೆ, ಮೇಲೆ ಎಣ್ಣೆ ನಿಂತ ರಂಜಕ. ಉಪ್ಪು, ಹುಳಿ, ಖಾರದ ಹಿಂದೆ ಬೆಲ್ಲದ ಸಿಹಿ. ಖಡಕ್ ರೊಟ್ಟಿಗೆ ಸವರಿಕೊಂಡರೆ ಊಟವಾಯಿತು. ಪಲ್ಯ ಇಲ್ಲದಿದ್ದರೂ ನಡೆಯುತ್ತದೆ, ಇದಿಲ್ಲದಿದ್ದರೆ ನಡೆಯದು.

ತುಂಗಭದ್ರಾ ಕಾಲುವೆಯ ನೀರುಂಡ ಗಂಗಾವತಿ ಕಡೆ ಭತ್ತ. ನಮ್ಮ ಕುಷ್ಟಗಿ ಕಡೆ ಮಳೆ ನಂಬಿದ ಜೋಳ, ಸಜ್ಜೆ. ಮಳೆ ಕೈಕೊಟ್ಟರೆ ಮನೆಗೆ ಬೀಗ ಹಾಕಿ ಗುಳೆ ಹೋಗುವುದೇ ದಾರಿ. ನಾನು ಪಿಡಿಒ ಪರೀಕ್ಷೆಗೆ ಓದಲು ಬಂದ ಎರಡನೇ ವರ್ಷ ಅಪ್ಪ, ಅವ್ವ ಮಂಗಳೂರಿಗೆ ಕಟ್ಟಡ ಕೆಲಸಕ್ಕೆ ಹೋದರು. ವಾರಕ್ಕೊಮ್ಮೆ ಬಸ್ಸಿನಲ್ಲಿ ಬರುತ್ತಿದ್ದ ಬುತ್ತಿ ನಿಂತಿತು. ಎರಡು ಹೊತ್ತು ಮೆಸ್ಸಿಗೆ ಕಟ್ಟುವಷ್ಟು ದುಡ್ಡಿರಲಿಲ್ಲ. ರೊಟ್ಟಿ ಅಂಗಡಿಯಲ್ಲಿ ಸಿಗುತ್ತದೆ, ಅವ್ವನ ರಂಜಕ ಎಲ್ಲಿ ಸಿಕ್ಕೀತು? ಫೋನ್ ಮಾಡಿ ಕೇಳಿದೆ.

‘ಅದೇನ್ ದೊಡ್ಡ ಕೆಲ್ಸಲ್ಲೋ ತಮ್ಮಾ. ನೀರು ಒಂದ್ ಹನಿ ತಾಕಬಾರ್ದು ನೋಡು, ಅಷ್ಟ’ ಅಂದಳು.

ಚಳಿಗಾಲದ ಸಂತೆಯಲ್ಲಿ ಕಾಲು ಕೆ.ಜಿ. ಹಣ್ಣುಮೆಣಸಿನಕಾಯಿ ತಂದೆ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದ್ದು ಪರೀಕ್ಷೆಗೆ ಓದಿದ್ದೆ. ಅದಕ್ಕೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂಬುದು ಕೈಗೆ ಗೊತ್ತಾಗಿದ್ದು ಆವತ್ತೇ.

ಕಾಯಿ ತೊಳೆದು, ಬಟ್ಟೆಯಲ್ಲಿ ಒರೆಸಿ, ನೆರಳಿನಲ್ಲಿ ಪೂರ್ತಿ ಆರಿಸಬೇಕು. ತೊಟ್ಟು ತೆಗೆಯುವುದು ಆಮೇಲೆ. ಮೂರು ಚಮಚ ಉಪ್ಪು, ಒಂದು ಗಡ್ಡೆ ಬೆಳ್ಳುಳ್ಳಿ, ಹುರಿದ ಅರ್ಧ ಚಮಚ ಮೆಂತ್ಯ ಸೇರಿಸಿ ತರಿತರಿಯಾಗಿ ರುಬ್ಬಿ. ಬಾಣಲೆಯಲ್ಲಿ ಒಂದು ಲೋಟ ಶೇಂಗಾ ಎಣ್ಣೆ ಕಾಯಿಸಿ, ಸಾಸಿವೆ, ಇಂಗಿನ ಒಗ್ಗರಣೆ ಕೊಟ್ಟು ರುಬ್ಬಿದ್ದನ್ನು ಹಾಕಿ. ನಿಂಬೆಹಣ್ಣಿನ ಗಾತ್ರದ ಎರಡು ಉಂಡೆ ಹುಣಸೆಹಣ್ಣಿನ ಗಟ್ಟಿ ರಸ, 100 ಗ್ರಾಂ ಬೆಲ್ಲ ಬೆರೆಸಿ ಸಣ್ಣ ಉರಿಯಲ್ಲಿ ಕೈಯಾಡಿಸಿ. ಹಸಿ ವಾಸನೆ ಹೋಗಿ, ರಸದ ನೀರೆಲ್ಲ ಇಂಗಿ, ಅಂಚಿನಲ್ಲಿ ಎಣ್ಣೆ ಬಿಟ್ಟಾಗ ಇಳಿಸಿ. ಆರಿದ ಮೇಲೆ ಒಣಗಿದ ಗಾಜಿನ ಬಾಟಲಿಗೆ ತುಂಬಿ. ಒದ್ದೆ ಚಮಚ ಹಾಕಿದರೆ ಬೂಸು ಬರುವುದು ಗ್ಯಾರಂಟಿ.

ಅವ್ವನ ‘ನೀರು ತಾಕಬಾರ್ದು’ ಎಂಬ ಮಾತಿನಲ್ಲೇ ವಿಜ್ಞಾನವಿದೆ. ಉಪ್ಪು, ಬೆಲ್ಲ ನೀರನ್ನು ಹಿಡಿದಿಟ್ಟುಕೊಳ್ಳುತ್ತವೆ, ಹುಣಸೆ ಹುಳಿ ಸೂಕ್ಷ್ಮಾಣುಗಳನ್ನು ತಡೆಯುತ್ತದೆ, ಮೇಲಿನ ಎಣ್ಣೆ ಗಾಳಿಗೆ ಅಡ್ಡ ನಿಲ್ಲುತ್ತದೆ. ಅಮೆರಿಕದವರು ಉಪ್ಪು ಹಾಕಿದ ಹಂದಿಮಾಂಸ, ಈರುಳ್ಳಿ, ಸಕ್ಕರೆ, ವಿನೆಗರ್ ಬೇಯಿಸಿ ಬ್ರೆಡ್ಡಿಗೆ ಸವರುವ ಬೇಕನ್ ಜಾಮಿನ ರುಚಿಯೂ ಈ ಉಪ್ಪು, ಸಿಹಿ, ಹುಳಿ, ಜಿಡ್ಡಿನ ಜೊತೆಯಾಟವೇ.

ನೌಕರಿ ಯಾವಾಗ ಸಿಗುತ್ತದೋ ನಮ್ಮ ಕೈಯಲ್ಲಿಲ್ಲ. ಹೊಟ್ಟೆಗೆ ಬೇಕಾದ್ದನ್ನು ಮಾಡಿಕೊಳ್ಳುವುದು ಕೈಯಲ್ಲಿದೆ. ಗೆಳೆಯರೇ, ಅದರಲ್ಲೂ ಹುಡುಗರೇ, ಇದೊಂದನ್ನು ಕಲಿತಿಟ್ಟುಕೊಳ್ಳಿ.

ಮೊದಲ ಬಾಟಲಿಯನ್ನು ರೂಮಿನ ನಾಲ್ವರು ಹತ್ತೇ ದಿನಕ್ಕೆ ಖಾಲಿ ಮಾಡಿದೆವು. ಎರಡನೆಯದನ್ನು ಮಂಗಳೂರಿಗೆ ಹೊರಟಿದ್ದ ಊರಿನವರ ಕೈಯಲ್ಲಿ ಕಳಿಸಿದೆ. ತಗಡಿನ ಶೆಡ್ಡಿನಲ್ಲಿ ಅವ್ವನಿಗೆ ಒರಳು ಎಲ್ಲಿಂದ ಬರಬೇಕು? ಮರುದಿನ ರಾತ್ರಿ ಫೋನ್ ಬಂತು.

‘ಬೆಲ್ಲ ಚೂರು ಮುಂದಾಗೇತಿ’ ಅಂದಳು.

ಹಿಂದಿನಿಂದ ಅಪ್ಪನ ದನಿ ಕೇಳಿಸಿತು: ‘ಇನ್ನೊಂದ್ ಬಾಟ್ಲಿ ಕಳ್ಸಂತ ಹೇಳು.’