ಮನೆ ಬಾಡಿಗೆಗೆ ಕೊಡುವ ಮುನ್ನ ಬರೆದಿಡಬೇಕಾದದ್ದು

ಬಾಗಲಕೋಟೆಯ ನವನಗರದಲ್ಲಿ ಮಹಡಿ ಮೇಲೊಂದು ಮನೆ, ಇಳಕಲ್ಲಿನ ಓಣಿಯಲ್ಲಿ ಎರಡು ಖೋಲಿ, ಹುನಗುಂದದ ಬಸ್ ನಿಲ್ದಾಣದ ಹತ್ತಿರ ಒಂದು ಮಳಿಗೆ. ನಮ್ಮ ಜಿಲ್ಲೆಯ ಎಷ್ಟೋ ಮಾಲೀಕರ ಬಾಡಿಗೆ ಆಸ್ತಿ ಅಷ್ಟೇ. ಮಕ್ಕಳ ಫೀ, ಹಿರಿಯರ ಔಷಧಿ ಆ ದುಡ್ಡಿನಲ್ಲೇ ನಡೆಯಬೇಕು. ಆದರೂ ಕರಾರು ಬಾಯಿಮಾತಿನಲ್ಲೇ ಮುಗಿದುಬಿಡುತ್ತದೆ: "ನಮ್ಮವ್ರೇ ಅದಾರ್ರಿ, ಕಾಗದ ಯಾಕ ಬೇಕು?" ನಮ್ಮವರಾದರೆ ಕಾಗದ ಇನ್ನೂ ಹೆಚ್ಚು ಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಪರಿಚಿತರ ನಡುವೆ ತಕರಾರು ಹುಟ್ಟಿದರೆ ಬಾಡಿಗೆಯ ಜೊತೆ ಬಳಕೆಯೂ ಕೆಡುತ್ತದೆ.

ಮೊದಲು ಒಂದು ಹೆದರಿಕೆಯನ್ನು ಬಿಡಿಸಬೇಕು. ಹನ್ನೆರಡು ವರ್ಷ ಇದ್ದರೆ ಬಾಡಿಗೆದಾರನಿಗೇ ಮನೆ ಹೋಗುತ್ತದೆ ಎಂದು ಹೇಳುವವರು ಎಲ್ಲ ಊರಲ್ಲೂ ಇದ್ದಾರೆ. ಇದು ತಪ್ಪು. ಹನ್ನೆರಡು ವರ್ಷದ ನಿಯಮ ಇರುವುದು ಮಾಲೀಕನ ಹಕ್ಕನ್ನೇ ಅಲ್ಲಗಳೆದು, ತನ್ನದೆಂದು ಬಹಿರಂಗವಾಗಿ ಅನುಭವಿಸಿದವನ ವಿಷಯದಲ್ಲಿ. ಬಾಡಿಗೆದಾರ ನಿಮ್ಮ ಒಪ್ಪಿಗೆಯಿಂದಲೇ ಒಳಗೆ ಬಂದವನು. ಆದರೆ ಅವನು ಬಾಡಿಗೆದಾರನೇ ಎಂಬುದಕ್ಕೆ ಪುರಾವೆ ಬೇಕಲ್ಲ? ಕರಾರು ಪತ್ರ, ತಿಂಗಳ ರಸೀದಿ, ಬ್ಯಾಂಕಿಗೆ ಜಮೆಯಾದ ಬಾಡಿಗೆ ಆಗ ಕೆಲಸಕ್ಕೆ ಬರುತ್ತವೆ. ಹಾಗಾಗಿ ನಗದು ಪಡೆದರೂ ರಸೀದಿ ಕೊಡಿ, ಅದರ ಪ್ರತಿ ಇಟ್ಟುಕೊಳ್ಳಿ.

ಕರಾರು ಹನ್ನೊಂದು ತಿಂಗಳಿಗೇ ಯಾಕೆ? ಒಂದು ವರ್ಷ ಮೀರಿದ ಅವಧಿಯ ಲೀಸ್ ಪತ್ರವನ್ನು ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಲೇಬೇಕು ಎಂದು 1882ರ ಆಸ್ತಿ ವರ್ಗಾವಣೆ ಕಾಯ್ದೆಯೂ 1908ರ ನೋಂದಣಿ ಕಾಯ್ದೆಯೂ ಹೇಳುತ್ತವೆ. ಹನ್ನೊಂದು ತಿಂಗಳಾದರೆ ಆ ಕಡ್ಡಾಯ ಇಲ್ಲ; ಮುದ್ರಾಂಕ ಶುಲ್ಕ ತುಂಬಿ, ಕರಾರು ಬರೆದು ಇಬ್ಬರೂ ಸಹಿ ಮಾಡಿ, ಇಬ್ಬರು ಸಾಕ್ಷಿಗಳನ್ನು ಹಾಕಿಸಿಕೊಂಡರೆ ಸಾಕು. ಅವಧಿ ಮುಗಿದಾಗ ಮರೆಯದೆ ಹೊಸದು ಮಾಡಿಸಿ. ತಿಂಗಳ ಬಾಡಿಗೆ ಬೇಡ, ಮೂರು ವರ್ಷಕ್ಕೆ ಇಡಿಗಂಟು ಕೊಡುತ್ತೇನೆ ಎಂದು ಯಾರಾದರೂ ಲೀಸಿಗೆ ಕೇಳಿದರೆ ನೂರು ರೂಪಾಯಿ ಕಾಗದದ ಮೇಲೆ ಬರೆದು ಮುಗಿಸಬೇಡಿ. ನೋಂದಣಿಯಾಗದ ಅಂಥ ಪತ್ರದ ಷರತ್ತುಗಳನ್ನು ಕೋರ್ಟು ಪುರಾವೆಯೆಂದು ಪರಿಗಣಿಸುವುದಿಲ್ಲ. ಲಕ್ಷಗಟ್ಟಲೆ ಹಣ ಕೊಟ್ಟವರಿಗೂ ಇದರಿಂದ ಅಷ್ಟೇ ಅಪಾಯ.

ಆಲಮಟ್ಟಿ ಹಿನ್ನೀರಿನ ಊರು ನಮ್ಮದು. ಹಳೇ ಬಾಗಲಕೋಟೆಯಲ್ಲಿ ಮುಳುಗಡೆಗೆ ಸ್ವಾಧೀನವಾಗಿ, ಪರಿಹಾರ ಪಡೆದು ಸರ್ಕಾರಕ್ಕೆ ಒಪ್ಪಿಸಿದ ಮನೆಯನ್ನು ಬಾಡಿಗೆಗೆ ಕೊಡುವ ಹಕ್ಕು ಹಳೆಯ ಮಾಲೀಕರಿಗೆ ಉಳಿಯುವುದಿಲ್ಲ. ಮನೆ ಹಿಡಿಯುವವರೂ ಇದನ್ನು ವಿಚಾರಿಸಿಕೊಳ್ಳಬೇಕು.

ಜಗಳಕ್ಕೆ ದೊಡ್ಡ ಕಾರಣ ಕರೆಂಟ್ ಮೀಟರ್. ರಾಜ್ಯ ಸರ್ಕಾರದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿ 2023ರಲ್ಲಿ ಶುರುವಾದ ಮೇಲೆ ಬಾಡಿಗೆದಾರರೂ ತಮ್ಮ ಆಧಾರ್ ಅನ್ನು ಮನೆಯ ಮೀಟರಿನ ಆರ್‌ಆರ್ ನಂಬರಿಗೆ ಜೋಡಿಸಿಕೊಂಡು ಅದರ ಲಾಭ ಪಡೆಯಬಹುದು. ಬಳಕೆ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ಲು ಕಟ್ಟಬೇಕು. ಮೂರು ಕುಟುಂಬಕ್ಕೆ ಒಂದೇ ಮೀಟರ್ ಇಟ್ಟರೆ ಬೇಸಿಗೆಯಲ್ಲಿ 200 ದಾಟದೆ ಇರುತ್ತದೆಯೇ? ಒಂದೊಂದು ಮನೆಗೆ ಒಂದೊಂದು ಮೀಟರ್ ಹಾಕಿಸುವ ಖರ್ಚು ಒಮ್ಮೆ ಮಾತ್ರ. ಯಾರು ಎಷ್ಟು ಸುಟ್ಟರು ಎಂಬ ವಾದ ಶಾಶ್ವತವಾಗಿ ನಿಲ್ಲುತ್ತದೆ. ಬಿಲ್ಲು ಸೊನ್ನೆ ಬಂದಿದ್ದರೂ ಬಾಡಿಗೆದಾರರಿಂದ ತಿಂಗಳಿಗಿಷ್ಟು ಎಂದು ಕರೆಂಟಿನ ದುಡ್ಡು ವಸೂಲಿ ಮಾಡುವುದು ಅನ್ಯಾಯ, ಅದನ್ನು ಮಾಡಲೇಬಾರದು.

ಕೀಲಿ ಕೊಡುವ ದಿನ ಮೀಟರ್ ರೀಡಿಂಗ್, ನಳ, ಸ್ವಿಚ್ಚು, ಗೋಡೆಯ ಬಿರುಕು, ಕಿಟಕಿ ಗಾಜು ಎಲ್ಲವನ್ನೂ ಫೋನಿನಲ್ಲಿ ವಿಡಿಯೊ ಮಾಡಿ ವಾಟ್ಸಾಪಿನಲ್ಲಿ ಬಾಡಿಗೆದಾರರಿಗೇ ಕಳಿಸಿಬಿಡಿ. ತಾರೀಕು ಸಮೇತ ಇಬ್ಬರ ಹತ್ತಿರವೂ ಉಳಿಯುತ್ತದೆ. ನೀರಿನ ಮೋಟರ್ ಯಾರು ಹಚ್ಚಬೇಕು, ಹಳೇ ಮಾಳಿಗೆ ಮನೆಯಾದರೆ ಮಳೆಗಾಲಕ್ಕೆ ಮುಂಚೆ ಮೇಲೆ ಮಣ್ಣು ಹಾಕಿಸುವವರು ಯಾರು ಎಂಬುದೂ ಕರಾರಿನಲ್ಲಿ ಇರಲಿ. ಹುನಗುಂದದಂಥ ಕಡೆ ಬಾಡಿಗೆದಾರರು ಶಿಕ್ಷಕರೋ ಬ್ಯಾಂಕಿನವರೋ ಆಗಿದ್ದರೆ, ವರ್ಗವಾದಾಗ ಒಂದು ತಿಂಗಳು ಮುಂಚೆ ತಿಳಿಸಿದರೆ ಸಾಕು ಎಂದು ಬರೆಯಿರಿ.

ಇಳಕಲ್ಲಿನ ಪರಿಸ್ಥಿತಿ ಬೇರೆ. ಅಲ್ಲಿ ಮನೆ ಬಾಡಿಗೆಗೆ ಕೇಳುವವರು ಮಗ್ಗ ಹೂಡುವ ಜಾಗವನ್ನೂ ಕೇಳುತ್ತಾರೆ. ಕುಣಿ ಮಗ್ಗವೆಂದರೆ ನೆಲ ಅಗೆಯಲೇಬೇಕು: ನೇಕಾರರು ಕುಣಿಯ ಅಂಚಿನಲ್ಲಿ ಕೂತು ಕಾಲು ಒಳಗಿಳಿಸಿ ತುಳಿಯುತ್ತಾರೆ. ಹಾಸಿದ ಫರ್ಸಿ ಕಲ್ಲನ್ನು ಎಬ್ಬಿಸಬೇಕಾಗುತ್ತದೆ. ಮಳೆಗಾಲದಲ್ಲಿ ಕುಣಿಯೊಳಗೆ ತೇವ ಏರಿದರೆ ನೂಲಿಗೂ ಕೇಡು, ಪಕ್ಕದ ಗೋಡೆಯ ಬುಡಕ್ಕೂ ಕೇಡು. ಆದ್ದರಿಂದ ಕುಣಿ ಗೋಡೆಯಿಂದ ಎಷ್ಟು ದೂರ ಇರಬೇಕು, ಎಬ್ಬಿಸಿದ ಕಲ್ಲು ಎಲ್ಲಿ ಇಡಬೇಕು, ಬಿಟ್ಟು ಹೋಗುವಾಗ ಕುಣಿ ಮುಚ್ಚಿ ಕಲ್ಲು ಹಾಸಿಕೊಡುವವರು ಯಾರು ಎಂದು ಅಗೆಯುವ ಮೊದಲೇ ತೀರ್ಮಾನವಾಗಲಿ. ಮುಂದೆ ಬರುವವರೂ ನೇಕಾರರೇ ಆದರೆ ಕುಣಿ ಹಾಗೇ ಇದ್ದರೆ ಲೇಸು. ಮುಚ್ಚಲೇಬೇಕೆಂಬ ಹಟ ಬೇಡ.

ಇನ್ನೊಂದು ಸೂಕ್ಷ್ಮವಿದೆ. ಉತ್ಪಾದನೆಗೆಂದು ಕೊಟ್ಟ ಜಾಗದ ಬಗ್ಗೆ ಬೇರೆ ಕರಾರು ಇಲ್ಲದಿದ್ದರೆ ಅದನ್ನು ಬಿಡಿಸಿಕೊಳ್ಳಲು ಆರು ತಿಂಗಳ ನೋಟಿಸು ಬೇಕು. ವಾಸದ ಮನೆಗಾದರೆ ಹದಿನೈದು ದಿನ. ಮಗ್ಗಕ್ಕೆ ಜಾಗ ಕೊಡುವವರು ನೋಟಿಸಿನ ಅವಧಿಯನ್ನು ಸ್ಪಷ್ಟವಾಗಿ ಬರೆದಿರಬೇಕು. ವಿದ್ಯುತ್ ಮಗ್ಗವಾದರೆ ಮನೆಯ ಮೀಟರಿನಿಂದ ಓಡಿಸಲು ಬಿಡಲೇಬೇಡಿ. ಪರವಾನಗಿ ಮೀರಿದ ಬಳಕೆಗೆ 2003ರ ವಿದ್ಯುತ್ ಕಾಯ್ದೆಯಡಿ ಎರಡು ಪಟ್ಟು ದರ ಹಾಕುತ್ತಾರೆ, ವಿದ್ಯುತ್ ಕಂಪನಿ ಹೆಸ್ಕಾಂನ ದಾಖಲೆಯಲ್ಲಿರುವುದು ನಿಮ್ಮ ಹೆಸರು.

ಬಾದಾಮಿಯಲ್ಲಿ ಬಾಡಿಗೆ ಹೆಚ್ಚಲೆಂದು ಮಹಡಿ ಎಬ್ಬಿಸುವ ಮುಂಚೆ ಅಳತೆ ನೋಡಿಕೊಳ್ಳಿ. ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ನಿಷಿದ್ಧ, ದುರಸ್ತಿಗೂ ಅನುಮತಿ ಬೇಕು. ಅದರಾಚೆಯ 200 ಮೀಟರಿನಲ್ಲೂ ಅನುಮತಿಯಿಲ್ಲದೆ ಕಟ್ಟುವಂತಿಲ್ಲ. ಖೋಲಿಯಲ್ಲಿ ವಿದೇಶಿ ಪ್ರವಾಸಿಗರನ್ನು ಇಳಿಸಿಕೊಂಡರೆ 24 ಗಂಟೆಯೊಳಗೆ ಆನ್‌ಲೈನಿನಲ್ಲಿ ಅವರ ವಿವರ ಸಲ್ಲಿಸಬೇಕು.

ಬಾಡಿಗೆ ನಿಂತುಹೋದರೆ ನೀರು, ಕರೆಂಟು ಕತ್ತರಿಸುವುದು, ಸಾಮಾನು ಹೊರಗಿಟ್ಟು ಬೇರೆ ಕೀಲಿ ಜಡಿಯುವುದು ಕೆಲವರಿಗೆ ಸಹಜವೆನಿಸುತ್ತದೆ. ಹಾಗೆ ಹೊರಬಿದ್ದವರು ಆರು ತಿಂಗಳೊಳಗೆ ದಾವೆ ಹೂಡಿ ಮತ್ತೆ ಮನೆಯ ಸ್ವಾಧೀನ ಪಡೆಯಬಹುದು. ಆಗ ತಪ್ಪಿತಸ್ಥರು ನೀವಾಗುತ್ತೀರಿ. ಮೊದಲ ತಿಂಗಳು ತಪ್ಪಿದಾಗಲೇ ಕೂತು ಮಾತಾಡಿ. ನೇಕಾರಿಕೆ, ಕೂಲಿ ನಂಬಿದ ಮನೆಗಳಲ್ಲಿ ಕೈ ಬರಿದಾಗುವ ತಿಂಗಳು ಇದ್ದೇ ಇರುತ್ತದೆ, ಎರಡು ಕಂತು ಮಾಡಿಕೊಟ್ಟರೆ ನಷ್ಟವಿಲ್ಲ. ಮೂರ್ನಾಲ್ಕು ತಿಂಗಳು ಬಿಟ್ಟು ಒಮ್ಮೆಲೇ ಕೇಳಿದರೆ ಅವರಿಗೆ ತೀರಿಸಲಾಗದು. ಮಾತಿಗೆ ಬಗ್ಗದಿದ್ದರೆ ವಕೀಲರ ಮೂಲಕ ಸ್ಪೀಡ್ ಪೋಸ್ಟಿನಲ್ಲಿ ನೋಟಿಸು, ಅದಕ್ಕೂ ಬಗ್ಗದಿದ್ದರೆ ದಾವೆ.

ಲೆಕ್ಕದ ವಿಷಯ ಚಿಕ್ಕದು. ಊರಿನ ಆಸ್ತಿ ತೆರಿಗೆಯನ್ನು ಏಪ್ರಿಲ್‌ನಲ್ಲೇ ಕಟ್ಟಿದರೆ ಶೇ. 5 ರಿಯಾಯಿತಿ ಸಿಗುತ್ತದೆ. ಆದಾಯ ತೆರಿಗೆಗೆ ಬಾಡಿಗೆಯಿಂದ ಆ ಕಟ್ಟಿದ ತೆರಿಗೆ ಕಳೆದು, ಉಳಿದದ್ದರಲ್ಲಿ ಶೇ. 30 ನೇರವಾಗಿ ಬಿಡುತ್ತಾರೆ, ಅದಕ್ಕೆ ದುರಸ್ತಿಯ ರಸೀದಿ ತೋರಿಸಬೇಕಿಲ್ಲ.

ಮನೆ ಬಿಡುವ ದಿನ ಮೊದಲಿನ ವಿಡಿಯೊ ಹಿಡಿದು ಇಬ್ಬರೂ ಒಮ್ಮೆ ಸುತ್ತಾಡಿ. ಬಣ್ಣ ಮಾಸಿದ್ದಕ್ಕೆ, ನಳದ ವಾಷರ್ ಸವೆದದ್ದಕ್ಕೆ ದುಡ್ಡು ಹಿಡಿಯಬೇಡಿ. ಒಡೆದ ಬೇಸಿನ್ ಲೆಕ್ಕ ಬೇರೆ. ಗೃಹಜ್ಯೋತಿಯಿಂದ ಅವರ ಆಧಾರ್ ಬಿಡಿಸಿದ್ದನ್ನು ಅಲ್ಲೇ ನೋಡಿಕೊಳ್ಳಿ, ಇಲ್ಲದಿದ್ದರೆ ಹೊಸಬರ ಹೆಸರು ಹತ್ತುವುದಿಲ್ಲ, ಅವರಿಗೂ ಮುಂದಿನ ಮನೆಯಲ್ಲಿ ತೊಡಕು. ಡಿಪಾಜಿಟ್ಟನ್ನು ಅಂದೇ, ಕೀಲಿ ಕೈಗೆ ಬಂದಾಗಲೇ ಅವರ ಖಾತೆಗೆ ಹಾಕಿಬಿಡಿ. ಅವರ ಹೊಸ ಮನೆಯ ಅಡ್ವಾನ್ಸ್ ಆಗಬೇಕಾದದ್ದು ಅದೇ ದುಡ್ಡಿನಿಂದ.