ಕಡಲ ಬಂಡೆಗಳ ಮೇಲೊಂದು ಜನಗಣತಿ

ಭಾನುವಾರ ಬೆಳಗಿನ ಜಾವ ನಾಲ್ಕು ಗಂಟೆಗೆ ಮಕ್ಕಳನ್ನು ಎಬ್ಬಿಸಿ, ಕಾರಿನಲ್ಲಿ ಕೂರಿಸಿಕೊಂಡು ಸಮುದ್ರಕ್ಕೆ ಹೊರಟರೆ ಯಾರಿಗಾದರೂ ವಿಚಿತ್ರ ಅನ್ನಿಸದೆ ಇರುತ್ತದೆಯೇ? ಕಳೆದ ವಸಂತದಲ್ಲಿ ಊರಿನಿಂದ ಬಂದಿದ್ದ ಅಜ್ಜಿಯೊಬ್ಬರು ಕೇಳಿಯೇ ಬಿಟ್ಟರು: "ಇದೇನು ಕನ್ನಡ ಶಾಲೆಯೋ, ಮಿಲಿಟರಿ ಶಾಲೆಯೋ?" ನಿದ್ದೆಗಣ್ಣಿನಲ್ಲಿ ಅವರಿಗೆ ನಾವು ಕೊಟ್ಟ ಉತ್ತರ ಅರ್ಧಂಬರ್ಧವಾಗಿತ್ತು. ಪೂರ್ತಿ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇವೆ.

ನಾವು ಹೋಗಿದ್ದು ಹಾಫ್ ಮೂನ್ ಬೇ ಹತ್ತಿರದ ಪಿಲ್ಲರ್ ಪಾಯಿಂಟ್‌ಗೆ. ಸಮುದ್ರ ಇಳಿದಾಗ ಅಲ್ಲಿ ಕಪ್ಪು ಬಂಡೆಗಳು ಹೊರಗೆ ಬರುತ್ತವೆ, ಬಂಡೆಗಳ ತಗ್ಗಿನಲ್ಲಿ ನೀರು ನಿಂತು ಸಣ್ಣ ಸಣ್ಣ ಕೊಳಗಳಾಗುತ್ತವೆ. ಇವೇ ಟೈಡ್‌ಪೂಲ್‌ಗಳು. ಅಲ್ಲಿರುವ ಜೀವಿಗಳ ಬಾಳು ಸುಲಭದ್ದಲ್ಲ. ದಿನಕ್ಕೆ ಎರಡು ಸಲ ನೀರಿನಡಿ ಮುಳುಗಬೇಕು, ಎರಡು ಸಲ ಬಿಸಿಲು ಗಾಳಿಗೆ ಮೈಯೊಡ್ಡಬೇಕು. ಮಸ್ಸೆಲ್ ಚಿಪ್ಪುಗಳು ಬಾಯಿ ಬಿಗಿದು ಕೂರುತ್ತವೆ, ಸೀ ಅನಿಮೋನ್‌ಗಳು ಎಸಳು ಮುದುರಿ ಉಂಡೆಯಾಗುತ್ತವೆ, ಏಡಿಗಳು ಪಾಚಿಯ ಕೆಳಗೆ ಅಡಗುತ್ತವೆ.

ಅಷ್ಟು ಬೇಗ ಏಕೆ ಹೋಗಬೇಕು ಎಂಬುದಕ್ಕೆ ಉತ್ತರ ನಮ್ಮ ಮನೆಗಳ ಗೋಡೆಯಲ್ಲೇ ಇದೆ! ಅಮಾವಾಸ್ಯೆ ಮತ್ತು ಹುಣ್ಣಿಮೆಯ ಆಸುಪಾಸಿನಲ್ಲಿ ಸೂರ್ಯ ಚಂದ್ರರ ಸೆಳೆತ ಒಂದೇ ಗೆರೆಯಲ್ಲಿ ಸೇರುವುದರಿಂದ ಉಬ್ಬರವೂ ಹೆಚ್ಚು, ಇಳಿತವೂ ಹೆಚ್ಚು. ಪಂಚಾಂಗ ನೋಡಿ ವಾರ ಗುರುತಿಸಬಹುದು, ಗಂಟೆ ನಿಮಿಷಕ್ಕೆ ಮಾತ್ರ ಉಬ್ಬರವಿಳಿತದ ಪಟ್ಟಿ ಬೇಕು. ಈ ಕರಾವಳಿಯಲ್ಲಿ ದಿನದ ಎರಡು ಇಳಿತಗಳು ಒಂದೇ ಸಮ ಇರುವುದಿಲ್ಲ. ಒಂದು ಸಾಧಾರಣ, ಇನ್ನೊಂದು ತುಂಬ ಆಳ. ವಸಂತ ಮತ್ತು ಬೇಸಿಗೆಯಲ್ಲಿ ಆ ಆಳದ ಇಳಿತ ಬೆಳಗಿನ ಜಾವ ಬರುತ್ತದೆ, ಚಳಿಗಾಲದಲ್ಲಿ ಮಧ್ಯಾಹ್ನದ ಮೇಲೆ. ಸಮುದ್ರ ನಮ್ಮ ವೀಕೆಂಡ್ ನೋಡಿಕೊಂಡು ಇಳಿಯುವುದಿಲ್ಲವಲ್ಲ!

ಹೋಗಿ ಮಾಡುವುದೇನು? ಎಣಿಸುವುದು. ಕ್ಯಾಲಿಫೋರ್ನಿಯಾದಲ್ಲಿ ಲಿಂಪೆಟ್ಸ್ ಎಂಬ ಕಾರ್ಯಕ್ರಮವಿದೆ. ಶಾಲಾ ಮಕ್ಕಳಿಂದಲೇ ಕರಾವಳಿಯ ಜೀವಿಗಳ ಗಣತಿ ಮಾಡಿಸಿ, ಆ ಅಂಕಿಗಳನ್ನು ವಿಜ್ಞಾನಿಗಳಿಗೂ ಸಾರ್ವಜನಿಕರಿಗೂ ಸಿಗುವಂತೆ ಕೂಡಿಡುವುದು ಅದರ ಕೆಲಸ. ಈ ಹೆಸರಿನಲ್ಲಿ ಅದು 2002ರಲ್ಲಿ ಶುರುವಾದರೂ ಬೇರು ಇನ್ನೂ ಹಳೆಯದು. 1970ರ ದಶಕದ ಆರಂಭದಲ್ಲಿ ಸಾಂತಾ ಕ್ರೂಜ್‌ನ ಪ್ರಾಧ್ಯಾಪಕ ಜಾನ್ ಪಿಯರ್ಸ್ ತಮ್ಮ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗಿ ಅಲ್ಲಿನ ಬಂಡೆಗಳ ಜೀವಿಗಳನ್ನು ಎಣಿಸಿ ಬರೆದಿಟ್ಟಿದ್ದರು. 1990ರ ದಶಕದಲ್ಲಿ ಮತ್ತೆ ಎಣಿಕೆ ನಡೆದಾಗ, ಏನು ಬದಲಾಗಿದೆ ಎಂದು ಹೇಳಲು ಆಧಾರವಾಗಿ ಸಿಕ್ಕಿದ್ದು ಆ ಹಳೆಯ ಕಾಗದಗಳು.

ವಿಧಾನ ಸರಳ. ಅರ್ಧ ಮೀಟರ್ ಉದ್ದ, ಅರ್ಧ ಮೀಟರ್ ಅಗಲದ ಒಂದು ಚೌಕಟ್ಟು, ಅದರೊಳಗೆ ದಾರ ಕಟ್ಟಿ ಮಾಡಿದ 25 ಮನೆಗಳು. ಚೌಕಾಬಾರ ಆಡಿದವರಿಗೆ ಬೇರೆ ವಿವರಣೆ ಬೇಡ. ಗೊತ್ತುಪಡಿಸಿದ ಜಾಗದಲ್ಲಿ ಅಳತೆಯ ಟೇಪ್ ಹಾಸಿ, ಅದರುದ್ದಕ್ಕೂ ಚೌಕಟ್ಟು ಇಡಬೇಕು. ಒಂದು ಜಾತಿಯ ಪಾಚಿ 25ರಲ್ಲಿ ಎಷ್ಟು ಮನೆಗಳಲ್ಲಿದೆ ಎಂದು ಒಬ್ಬರು ನೋಡಿ ಹೇಳಬೇಕು, ಇನ್ನೊಬ್ಬರು ಅದನ್ನು ಗಟ್ಟಿಯಾಗಿ ಮರುನುಡಿದು ಬರೆಯಬೇಕು. ಬಿಡಿ ಬಿಡಿಯಾಗಿರುವ ಪ್ರಾಣಿಗಳನ್ನು ಒಂದೊಂದಾಗಿ ಎಣಿಸಬೇಕು.

ಸರಳ ಎಂದೆವು, ಸುಲಭ ಎನ್ನಲಿಲ್ಲ. ಒಂದೇ ಚೌಕಟ್ಟನ್ನು ಬೇಕೆಂದೇ ಎರಡು ಜೋಡಿಗಳಿಂದ ಎಣಿಸಿದೆವು. ಒಂದು ಪಾಚಿಗೆ ಒಬ್ಬರು 14 ಎಂದರು, ಇನ್ನೊಬ್ಬರು 8 ಎಂದರು. ಇಬ್ಬರೂ ಸರಿಯೇ! ಚೌಕಟ್ಟಿನ ಹೊರಗೆ ಬೇರೂರಿ ಒಳಕ್ಕೆ ಬಾಗಿದ ಪಾಚಿಯನ್ನು ಒಬ್ಬರು ಸೇರಿಸಿದ್ದರು, ಇನ್ನೊಬ್ಬರು ಬಿಟ್ಟಿದ್ದರು. ತರಬೇತಿ ಕೊಟ್ಟವರನ್ನು ಕೇಳಿ, ಎಲ್ಲರೂ ಒಂದೇ ನಿಯಮಕ್ಕೆ ಬಂದು, ಮತ್ತೆ ಎಣಿಸಿದೆವು. ಅರ್ಧ ಗಂಟೆ ಹೋಯಿತು. ತಿರುಗುವ ನೀರಿನ ಮುಂದೆ ಅರ್ಧ ಗಂಟೆ ಎಂದರೆ ಬಹಳ.

ಎಲ್ಲಕ್ಕಿಂತ ಕಷ್ಟವಾಗಿದ್ದು ಸೊನ್ನೆ ಬರೆಯಿಸುವುದು. ಏನೂ ಸಿಗದಿದ್ದರೆ ಮಕ್ಕಳು ಆ ಜಾಗವನ್ನು ಖಾಲಿ ಬಿಡುತ್ತಾರೆ. ಖಾಲಿ ಬಿಟ್ಟರೆ "ನಾವು ನೋಡಲೇ ಇಲ್ಲ" ಎಂದರ್ಥ, ಸೊನ್ನೆ ಬರೆದರೆ "ಹುಡುಕಿದೆವು, ಇರಲಿಲ್ಲ" ಎಂದರ್ಥ. ಎರಡಕ್ಕೂ ಅಜಗಜಾಂತರ.

ಇದು ಎಷ್ಟು ಮುಖ್ಯ ಎಂಬುದಕ್ಕೆ ನಕ್ಷತ್ರ ಮೀನಿನ ಕಥೆಯೇ ಸಾಕ್ಷಿ. ಈ ಬಂಡೆಗಳಲ್ಲಿ ಕಿತ್ತಳೆ, ನೇರಳೆ ಬಣ್ಣದ ಓಕರ್ ನಕ್ಷತ್ರ ಮೀನುಗಳಿವೆ, ಮಸ್ಸೆಲ್‌ಗಳೇ ಅವುಗಳ ಮುಖ್ಯ ಆಹಾರ. 1963ರಲ್ಲಿ ರಾಬರ್ಟ್ ಪೇನ್ ಎಂಬ ವಿಜ್ಞಾನಿ ವಾಷಿಂಗ್ಟನ್ ರಾಜ್ಯದ ಒಂದು ಕಡಲತೀರದಲ್ಲಿ ಬಂಡೆಯ ಒಂದು ಭಾಗದಿಂದ ಈ ನಕ್ಷತ್ರ ಮೀನುಗಳನ್ನು ಕಿತ್ತು ನೀರಿಗೆ ಎಸೆಯುತ್ತಾ ಬಂದರು. ಕಾಲಕ್ರಮದಲ್ಲಿ ಮಸ್ಸೆಲ್‌ಗಳು ಆ ಭಾಗವನ್ನೆಲ್ಲ ಆಕ್ರಮಿಸಿ, ಉಳಿದ ಜೀವಿಗಳಿಗೆ ಜಾಗವೇ ಇಲ್ಲದಂತಾಯಿತು. ಕಮಾನಿನ ನಡುಗಲ್ಲು ತೆಗೆದರೆ ಕಮಾನು ಕುಸಿಯುವಂತೆ, ಒಂದು ಪ್ರಾಣಿ ಹೋದರೆ ಇಡೀ ಸಮುದಾಯವೇ ಬದಲಾಗಬಹುದು ಎಂದು ತೋರಿಸಿದ ಅವರು, 1969ರಲ್ಲಿ ಅಂಥ ಜೀವಿಗೆ "ಕೀಸ್ಟೋನ್" ಜೀವಿ ಎಂದು ಹೆಸರಿಟ್ಟರು.

ಆಮೇಲೆ 2013ರಲ್ಲಿ ರೋಗ ಬಂತು. ಅಮೆರಿಕದ ಪಶ್ಚಿಮ ಕರಾವಳಿಯುದ್ದಕ್ಕೂ ಹಲವು ಜಾತಿಯ ನಕ್ಷತ್ರ ಮೀನುಗಳ ಮೈಮೇಲೆ ಹುಣ್ಣೆದ್ದು, ತೋಳುಗಳು ಕಳಚಿ, ದೇಹ ಕರಗಿ ಸತ್ತವು. ಇಪ್ಪತ್ತನಾಲ್ಕು ತೋಳುಗಳವರೆಗೂ ಬೆಳೆಯುವ ಸೂರ್ಯಕಾಂತಿ ನಕ್ಷತ್ರ ಮೀನು ಕ್ಯಾಲಿಫೋರ್ನಿಯಾದಿಂದ ಹೆಚ್ಚುಕಡಿಮೆ ಮಾಯವೇ ಆಯಿತು. ಹನ್ನೆರಡು ವರ್ಷಗಳ ನಂತರ, 2025ರಲ್ಲಿ, ಈ ಜಾತಿಯ ಮೇಲೆ ಪ್ರಯೋಗ ನಡೆಸಿದ ವಿಜ್ಞಾನಿಗಳು ರೋಗಕ್ಕೆ ವಿಬ್ರಿಯೊ ಪೆಕ್ಟೆನಿಸೀಡಾ ಎಂಬ ಬ್ಯಾಕ್ಟೀರಿಯಾ ಕಾರಣ ಎಂದು ಪತ್ತೆಮಾಡಿದರು. ಆದರೆ ಎಷ್ಟು ಹೋದವು, ಎಲ್ಲಿ ಮರಳಿ ಬರುತ್ತಿವೆ ಎಂದು ತಿಳಿಯಲು ಮೊದಲು ಎಷ್ಟಿದ್ದವು ಎಂದು ಯಾರೋ ಎಣಿಸಿಟ್ಟಿರಬೇಕು. ರೋಗ ಬಂದ ಮೇಲೆ ಹಿಂದಿನ ವರ್ಷಕ್ಕೆ ಹೋಗಿ ಎಣಿಸಲಾಗದು. ತೈಲ ಸೋರಿಕೆಯದೂ ಇದೇ ಕಥೆ. 2007ರ ನವೆಂಬರ್‌ನಲ್ಲಿ ಕಾಸ್ಕೋ ಬುಸಾನ್ ಹಡಗು ಬೇ ಬ್ರಿಡ್ಜ್‌ಗೆ ತಾಗಿ ಸುಮಾರು 53,000 ಗ್ಯಾಲನ್ ತೈಲ ಚೆಲ್ಲಿದಾಗಲೂ ಹಾನಿ ಅಳೆಯಲು ಮೊದಲು ಬೇಕಾದದ್ದು ಹಿಂದಿನ ಲೆಕ್ಕ.

ಮಕ್ಕಳಿಗೆ ಬಹಳ ಇಷ್ಟವಾದದ್ದು ಮಾತ್ರ ನಕ್ಷತ್ರ ಮೀನಲ್ಲ, ಔಲ್ ಲಿಂಪೆಟ್. ಬಂಡೆಗೆ ಟೋಪಿ ಮಗುಚಿಟ್ಟಂತೆ ಕೂರುವ ಈ ಬಸವನಹುಳುವಿನ ಬಂಧುವಿಗೆ ನಮ್ಮ ಮಕ್ಕಳು "ಗೂಬೆಚಿಪ್ಪು" ಎಂದು ನಾಮಕರಣ ಮಾಡಿದ್ದಾರೆ. ಪಕ್ಕಾ ರೈತ! ಬಂಡೆಯ ಮೇಲೆ ತನ್ನದೇ ಪಾಚಿಯ ಗದ್ದೆ ಇಟ್ಟುಕೊಂಡು, ಒಳಗೆ ಬಂದವರನ್ನು ತಳ್ಳಿ ಹೊರಗಟ್ಟುತ್ತದೆ. ಚಿಕ್ಕಂದಿನಲ್ಲಿ ಗಂಡಾಗಿದ್ದು, ದೊಡ್ಡದಾದ ಮೇಲೆ ಹೆಣ್ಣಾಗುತ್ತದೆ. ಆದ್ದರಿಂದಲೇ ಇವನ್ನು ಎಣಿಸುವುದರ ಜೊತೆಗೆ ಅಳೆಯುವುದೂ ಉಂಟು. ತಿನ್ನಲೆಂದು ಜನ ದೊಡ್ಡವನ್ನೇ ಆರಿಸಿ ಕಿತ್ತರೆ ಹೋಗುವುದು ಹೆಣ್ಣುಗಳು. ಬರಿಯ ಎಣಿಕೆಯಲ್ಲಿ ಇದು ಕಾಣುವುದಿಲ್ಲ.

ಈಗ ನಮಗಾದ ಒಂದು ನಷ್ಟವನ್ನೂ ಹೇಳಬೇಕು. ಮರಳಿ ಬರುವಾಗ ಕಾರಿನಲ್ಲಿ ಒಂದು ಮಗು ಸಣ್ಣ ದನಿಯಲ್ಲಿ, "ಆಂಟಿ, ನಾನು ಎರಡು ಸ್ಟಾರ್ ಸುಮ್ಮನೆ ಬರೆದಿದೀನಿ. ಆ ಗ್ರೂಪಿಗೆ ಐದು ಸಿಕ್ಕಿತ್ತು, ನಮಗೆ ಒಂದೂ ಸಿಗಲಿಲ್ಲ" ಎಂದಿತು. ಅಷ್ಟು ಹೊತ್ತಿಗೆ ಬಂಡೆಗಳು ಮುಳುಗಿದ್ದವು. ಮತ್ತೆ ನೋಡುವಂತಿರಲಿಲ್ಲ. ಎರಡನ್ನು ಸೊನ್ನೆ ಮಾಡಿದರೆ ಸಾಲದೇ ಎಂದು ಪೋಷಕರೊಬ್ಬರು ಕೇಳಿದರು. ಅದೇ ಹಾಳೆಯಲ್ಲಿ ಬೇರೆ ಯಾವ ಅಂಕಿ ಹಾಗೆ ಬಂದಿದೆಯೋ ಯಾರಿಗೆ ಗೊತ್ತು? ಚರ್ಚೆ ಮಾಡಿ, ಆ ಹಾಳೆಯ ಮೇಲೆ ಕಾರಣ ಬರೆದು, ಅದನ್ನು ಲೆಕ್ಕದಿಂದ ಹೊರಗಿಟ್ಟೆವು. ಬೆಳಗಿನ ಚಳಿಯಲ್ಲಿ ನಾಲ್ಕು ಮಕ್ಕಳು ದುಡಿದ ಹಾಳೆ. ಬೇಸರವಾಯಿತು. ಬೈಯಲಿಲ್ಲ, ಏಕೆಂದರೆ ತಪ್ಪು ನಮ್ಮದೂ ಇತ್ತು. "ಯಾರಿಗೆ ಎಷ್ಟು ಸಿಕ್ಕಿತು?" ಎಂದು ಬಂಡೆಯಿಂದ ಬಂಡೆಗೆ ಕೂಗಿ ಕೇಳುತ್ತಿದ್ದವರು ದೊಡ್ಡವರಾದ ನಾವೇ! ಈಗ ಎಣಿಕೆ ಮುಗಿಯುವವರೆಗೆ ಗುಂಪುಗಳು ಅಂಕಿ ಹೇಳಿಕೊಳ್ಳುವಂತಿಲ್ಲ.

ಮುಂದಿನ ಸಲ ಬರುವವರಿಗೆ ಕೆಲವು ಮಾತು. ಜಾರದ ಹಳೆಯ ಶೂ, ಬೆಚ್ಚನೆಯ ಜಾಕೆಟ್, ಇನ್ನೊಂದು ಜೊತೆ ಕಾಲುಚೀಲ ಇರಲಿ. ಬರೆಯಲು ಪೆನ್ಸಿಲ್ ತನ್ನಿ, ಪೆನ್ನಿನ ಶಾಯಿ ನೀರು ತಾಗಿದರೆ ಹರಡುತ್ತದೆ. ಸಮುದ್ರಕ್ಕೆ ಬೆನ್ನು ಹಾಕಿ ನಿಲ್ಲಬಾರದು. ಎತ್ತಿ ನೋಡಿದ ಕಲ್ಲನ್ನು ಇದ್ದ ಹಾಗೆಯೇ ಮೆಲ್ಲಗೆ ಇಡಬೇಕು. ಚಿಪ್ಪು, ಕಲ್ಲು, ಏನನ್ನೂ ಮನೆಗೆ ತರುವಂತಿಲ್ಲ. ನಾಲ್ಕು ಮಕ್ಕಳಿಗೆ ಒಬ್ಬ ದೊಡ್ಡವರು ಬೇಕೇ ಬೇಕು, ಆದ್ದರಿಂದ ಪೋಷಕರು ಮಕ್ಕಳನ್ನು ಇಳಿಸಿ ಕಾಫಿಗೆ ಹೋಗುವಂತಿಲ್ಲ! ಬಂಡೆಗಳ ಮೇಲೆ ನಡೆಯಲಾಗದವರಿಗೂ ದಡದಲ್ಲಿ ಕೆಲಸವಿದೆ: ಗಡಿಯಾರ ನೋಡುತ್ತಾ, ನೀರು ತಿರುಗುವ ಹೊತ್ತಿಗೆ ಸೀಟಿ ಊದುವುದು. ಮಿಲಿಟರಿ ಶಾಲೆಯೇ ಎಂದು ಕೇಳಿದ ಅಜ್ಜಿ ಆ ಕೆಲಸವನ್ನು ತಾವೇ ವಹಿಸಿಕೊಂಡಿದ್ದಾರೆ. ಸೀಟಿ ಈಗಾಗಲೇ ಅವರ ಕೈಚೀಲದಲ್ಲಿದೆ.